ಹಿಮದಡಿಯಲ್ಲಿ ಹಿತ್ತಲಿನ ಲೆಕ್ಕಾಚಾರ

ಅಮೆರಿಕದ ಈಶಾನ್ಯ ಮೂಲೆಯ ವರ್ಮಾಂಟ್ ಮತ್ತು ಮೇಯ್ನ್ ರಾಜ್ಯಗಳಲ್ಲಿ ಡಿಸೆಂಬರ್ ಹೊತ್ತಿಗೆ ನೆಲ ಕಲ್ಲಿನಂತಾಗಿರುತ್ತದೆ. ಉಷ್ಣಾಂಶ ಶೂನ್ಯಕ್ಕಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವುದು ಅಲ್ಲಿ ಸುದ್ದಿಯೇ ಅಲ್ಲ. ಗುದ್ದಲಿ ಊರಲಾಗದ ಈ ತಿಂಗಳುಗಳು ಹೊರನೋಟಕ್ಕೆ ಕೃಷಿಕನ ವಿಶ್ರಾಂತಿಯ ಕಾಲ. ಆದರೆ ಒಂದು ಮನೆ, ಎರಡು ಮೂರು ಎಕರೆ ಭೂಮಿ, ಹತ್ತಾರು ಕೋಳಿ, ಒಂದು ತರಕಾರಿ ತೋಟ ಇಟ್ಟುಕೊಂಡು ಬದುಕುವ ಅಲ್ಲಿನ ಚಿಕ್ಕ ಹಿಡುವಳಿದಾರರಿಗೆ ವರ್ಷದ ಬೆಳೆ ನಿರ್ಧಾರವಾಗುವುದೇ ಈ ಅವಧಿಯಲ್ಲಿ. ಮೇ ತಿಂಗಳಲ್ಲಿ ನೆಡುವ ಸಸಿಯ ಲೆಕ್ಕ ಜನವರಿಯಲ್ಲಿಯೇ ಕಾಗದದ ಮೇಲೆ ಮುಗಿದಿರಬೇಕು.

ಈ ಬಗೆಯ ಬದುಕಿಗೆ ಅಲ್ಲಿ ದೀರ್ಘ ಪರಂಪರೆಯಿದೆ. ಆರ್ಥಿಕ ಮಹಾಕುಸಿತದ ದಿನಗಳಲ್ಲಿ, 1932ರಲ್ಲಿ, ಹೆಲೆನ್ ಮತ್ತು ಸ್ಕಾಟ್ ನಿಯರಿಂಗ್ ದಂಪತಿ ನ್ಯೂಯಾರ್ಕ್ ನಗರವನ್ನು ತೊರೆದು ವರ್ಮಾಂಟ್‌ನ ಗುಡ್ಡಗಾಡಿಗೆ ಹೋದರು. 1952ರಲ್ಲಿ ಮೇಯ್ನ್‌ಗೆ ವಲಸೆ ಹೋದ ಅವರು 1954ರಲ್ಲಿ ಪ್ರಕಟಿಸಿದ 'ಲಿವಿಂಗ್ ದ ಗುಡ್ ಲೈಫ್' ಕೃತಿ ಮುಂದೆ 1970ರ ದಶಕದಲ್ಲಿ ಹಳ್ಳಿಯತ್ತ ಮುಖ ಮಾಡಿದ ಸಹಸ್ರಾರು ಯುವಜನರಿಗೆ ಕೈಪಿಡಿಯಾಯಿತು.

ಸೌದೆ, ನೆಲಮಾಳಿಗೆ, ಕೋಳಿಗೂಡು

ಚಳಿಗಾಲದ ಮೊದಲ ಚಿಂತೆ ಸೌದೆಯದು. ಅಲ್ಲಿ ಸೌದೆಯನ್ನು ತೂಕದಿಂದಲ್ಲ, 'ಕಾರ್ಡ್' ಎಂಬ ಅಳತೆಯಿಂದ ಲೆಕ್ಕ ಹಾಕುತ್ತಾರೆ. 4 ಅಡಿ ಎತ್ತರ, 4 ಅಡಿ ಅಗಲ, 8 ಅಡಿ ಉದ್ದದ ಒಟ್ಟಲು ಒಂದು ಕಾರ್ಡ್. ಅಂದರೆ 128 ಘನ ಅಡಿ. ಸೌದೆ ಒಲೆಯಿಂದಲೇ ಮನೆ ಕಾಯಿಸುವ ಕುಟುಂಬಕ್ಕೆ ಒಂದು ಚಳಿಗಾಲಕ್ಕೆ ಇಂತಹ ನಾಲ್ಕಾರು ಒಟ್ಟಲು ಬೇಕಾಗುತ್ತವೆ. ಹಸಿ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಅದು ಶೇ. 20ಕ್ಕೆ ಇಳಿಯುವವರೆಗೆ ಒಣಗದಿದ್ದರೆ ಉರಿಗಿಂತ ಹೊಗೆಯೇ ಹೆಚ್ಚು. ಆದುದರಿಂದ ಈ ಚಳಿಗಾಲದಲ್ಲಿ ಕಡಿಯುವ ಸೌದೆ ಮುಂದಿನ ಚಳಿಗಾಲಕ್ಕೆ. ಒಲೆಯ ಬೂದಿಯನ್ನು ಎಸೆಯುವುದಿಲ್ಲ. ಸುಣ್ಣ ಮತ್ತು ಪೊಟ್ಯಾಷ್ ಅಂಶವಿರುವ ಅದನ್ನು ಅಲ್ಲಿನ ಹುಳಿ ಮಣ್ಣಿಗೆ ಮಿತವಾಗಿ ಬೆರೆಸಲಾಗುತ್ತದೆ.

ಎರಡನೆಯದು ದಾಸ್ತಾನು. ಮನೆಯ ಕೆಳಗಿನ ನೆಲಮಾಳಿಗೆಯೇ ಇಲ್ಲಿ ತಣ್ಣನೆಯ ಉಗ್ರಾಣ. ಕ್ಯಾರೆಟ್, ಬೀಟ್‌ರೂಟ್, ಎಲೆಕೋಸುಗಳಿಗೆ ಶೂನ್ಯದಿಂದ 4 ಡಿಗ್ರಿಯ ಚಳಿಯೂ ಶೇ. 90ಕ್ಕೂ ಮೀರಿದ ತೇವಾಂಶವೂ ಬೇಕು. ಬೇರು ತರಕಾರಿಗಳನ್ನು ಒದ್ದೆ ಮರಳಿನಲ್ಲಿ ಹೂತಿಡುವ ರೂಢಿಯೂ ಉಂಟು. ಈರುಳ್ಳಿ, ಬೆಳ್ಳುಳ್ಳಿಗಳಿಗೆ ಚಳಿ ಬೇಕು, ತೇವ ಕೂಡದು. ಕುಂಬಳಕ್ಕೆ 10ರಿಂದ 13 ಡಿಗ್ರಿಯ ಒಣ ಜಾಗವೇ ಆಗಬೇಕು. ಸೇಬನ್ನು ಇವುಗಳ ಜೊತೆ ಇಡುವಂತಿಲ್ಲ. ಅದು ಹೊರಸೂಸುವ ಎಥಿಲೀನ್ ಅನಿಲದಿಂದ ಆಲೂಗಡ್ಡೆ ಮೊಳೆಯುತ್ತದೆ, ಕ್ಯಾರೆಟ್ ಕಹಿಯಾಗುತ್ತದೆ.

ಕೋಳಿಗಳದ್ದು ಬೇರೆಯದೇ ಸಮಸ್ಯೆ. ದಿನಕ್ಕೆ ಸುಮಾರು 14 ಗಂಟೆ ಬೆಳಕಿಲ್ಲದಿದ್ದರೆ ಅವು ಮೊಟ್ಟೆ ಇಡುವುದನ್ನು ಕಡಿಮೆ ಮಾಡುತ್ತವೆ, ಇಲ್ಲವೇ ನಿಲ್ಲಿಸಿಬಿಡುತ್ತವೆ. ಚಳಿಗಿಂತ ಅವುಗಳಿಗೆ ಹೆಚ್ಚು ಅಪಾಯಕಾರಿಯಾದುದು ಗೂಡಿನೊಳಗಿನ ತೇವ. ತೇವಗಟ್ಟಿದ ಜುಟ್ಟು ಹಿಮಕಡಿತಕ್ಕೆ ತುತ್ತಾಗುತ್ತದೆ. ಆದ್ದರಿಂದ ಎಷ್ಟೇ ಕೊರೆಯುತ್ತಿದ್ದರೂ ಗೂಡಿನ ಮೇಲ್ಭಾಗದಲ್ಲಿ ಗಾಳಿಯಾಡಲು ಕಿಂಡಿ ಬಿಡಲೇಬೇಕು.

ಹತ್ತು ಗಂಟೆಯ ಬೆಳಕು

ಚಳಿಗಾಲದಲ್ಲಿ ಬೆಳೆ ನಿಲ್ಲಲು ಚಳಿಯೊಂದೇ ಕಾರಣವಲ್ಲ, ಬೆಳಕಿನ ಕೊರತೆಯೂ ಕಾರಣ. ಸುಮಾರು 44 ಡಿಗ್ರಿ ಉತ್ತರ ಅಕ್ಷಾಂಶದ ಈ ಪ್ರದೇಶದಲ್ಲಿ ಡಿಸೆಂಬರ್ 21ರ ಹಗಲು ಒಂಬತ್ತು ಗಂಟೆಗೂ ಕಡಿಮೆ. ಅಂದು ಬೆಂಗಳೂರಿನಲ್ಲಿ ಹನ್ನೊಂದು ಗಂಟೆಗೂ ಹೆಚ್ಚು ಹಗಲಿರುತ್ತದೆ. ಹಗಲು ಹತ್ತು ಗಂಟೆಗಿಂತ ಕಡಿಮೆಯಾದಾಗ ಸೊಪ್ಪುಗಳು ಜೀವ ಹಿಡಿದುಕೊಂಡಿರುತ್ತವೆಯೇ ಹೊರತು ಬೆಳೆಯುವುದಿಲ್ಲ. ಅಲ್ಲಿ ಈ ಅವಧಿ ನವೆಂಬರ್ ಮೊದಲ ವಾರದಿಂದ ಫೆಬ್ರುವರಿ ಮೊದಲ ವಾರದವರೆಗೆ.

ಈ ತತ್ವವನ್ನು ಪ್ರಯೋಗದ ಮೂಲಕ ಜನಪ್ರಿಯಗೊಳಿಸಿದವರು ಎಲಿಯಟ್ ಕೋಲ್‌ಮನ್. 1968ರಲ್ಲಿ ಮೇಯ್ನ್‌ನ ಹಾರ್ಬರ್‌ಸೈಡ್‌ನಲ್ಲಿ ನಿಯರಿಂಗ್ ದಂಪತಿಯಿಂದಲೇ ಭೂಮಿ ಕೊಂಡ ಅವರು, ಕಾಯಿಸದ ಹಸಿರುಮನೆಯಲ್ಲಿ ಚಳಿಗಾಲದುದ್ದಕ್ಕೂ ಸೊಪ್ಪು ಕೊಯ್ಯುವ ವಿಧಾನವನ್ನು ರೂಢಿಸಿದರು. ಹಸಿರುಮನೆಯ ಪಾರದರ್ಶಕ ಚಾವಣಿ ಒಂದು ಪದರ. ಅದರೊಳಗೆ ಗಿಡಗಳ ಮೇಲೆ ಹಗುರವಾದ ಬಟ್ಟೆಯ ಇನ್ನೊಂದು ಪದರ. ಒಂದೊಂದು ಪದರವೂ ತೋಟವನ್ನು ಸುಮಾರು 500 ಮೈಲಿ ದಕ್ಷಿಣಕ್ಕೆ ಸಾಗಿಸಿದಂತೆ ಎಂಬುದು ಅವರ ಲೆಕ್ಕ. ಆದರೆ ಹೊದಿಕೆ ಚಳಿಯನ್ನು ತಡೆಯಬಲ್ಲದು, ಹಗಲನ್ನು ಹಿಗ್ಗಿಸಲಾರದು. ಆದುದರಿಂದ ಪಾಲಕ್ ಮುಂತಾದ ಸೊಪ್ಪು ನವೆಂಬರ್‌ಗೆ ಮೊದಲೇ ಬೆಳೆದು ನಿಂತಿರಬೇಕು. ಚಳಿಗಾಲದಲ್ಲಿ ನಡೆಯುವುದು ಕೊಯ್ಲು ಮಾತ್ರ.

ಬಯಲಿನ ಹಿಮವೂ ಕೇವಲ ಶತ್ರುವಲ್ಲ. ಗಾಳಿಯನ್ನು ಹಿಡಿದಿಟ್ಟುಕೊಂಡ ಹಿಮದ ಪದರ ನೆಲಕ್ಕೆ ಕಂಬಳಿಯಿದ್ದಂತೆ. ಅಕ್ಟೋಬರ್‌ನಲ್ಲಿ ನೆಟ್ಟು ಹುಲ್ಲು ಹೊದಿಸಿದ ಬೆಳ್ಳುಳ್ಳಿ ಈ ಕಂಬಳಿಯಡಿಯಲ್ಲಿ ಬೇರು ಬಿಟ್ಟು ಮಲಗಿರುತ್ತದೆ. ತಿಂಗಳುಗಟ್ಟಲೆ ಚಳಿಯುಂಡರೆ ಮಾತ್ರ ಅದರ ಗಡ್ಡೆ ಎಸಳುಗಳಾಗಿ ಒಡೆಯುವುದು. ಸೇಬಿನ ಮರಕ್ಕೂ ಮೊಗ್ಗು ಅರಳಲು ನೂರಾರು ಗಂಟೆಗಳ ಚಳಿ ಬೇಕೇ ಬೇಕು.

ಹಿಂದಕ್ಕೆ ಎಣಿಸುವ ಕ್ಯಾಲೆಂಡರ್

ಜನವರಿಯಲ್ಲಿ ಬೀಜ ಕಂಪನಿಗಳ ಸಚಿತ್ರ ಪಟ್ಟಿಗಳು ಮನೆಗೆ ಬಂದಿರುತ್ತವೆ. ಹೊಸ ಬೀಜ ತರಿಸುವ ಮುನ್ನ ಹಳೆಯದರ ಪರೀಕ್ಷೆ ನಡೆಯಬೇಕು. ಹತ್ತು ಬೀಜಗಳನ್ನು ಒದ್ದೆ ಕಾಗದದಲ್ಲಿ ಸುತ್ತಿ ಬೆಚ್ಚಗಿಟ್ಟರೆ ಎಷ್ಟು ಮೊಳೆತವು ಎಂಬುದೇ ಉತ್ತರ. ಟೊಮ್ಯಾಟೊ, ಸೌತೆ ಬೀಜಗಳು ನಾಲ್ಕೈದು ವರ್ಷ ಬಾಳುತ್ತವೆ. ಈರುಳ್ಳಿ ಬೀಜ ಮಾತ್ರ ಒಂದೆರಡು ವರ್ಷಕ್ಕೇ ಸತ್ವ ಕಳೆದುಕೊಳ್ಳುತ್ತದೆ. ಬಳಿಕ ತೋಟದ ನಕ್ಷೆ ಬರೆದು ಬೆಳೆ ಸರದಿ ನಿಶ್ಚಯಿಸುತ್ತಾರೆ. ಟೊಮ್ಯಾಟೊ, ಆಲೂಗಡ್ಡೆ, ಮೆಣಸಿನಕಾಯಿ, ಬದನೆ ಒಂದೇ ಕುಲದವು. ರೋಗ ನೆಲದಲ್ಲಿ ಬೀಡುಬಿಡದಂತೆ ಇವನ್ನು ಅದೇ ಪಾತಿಗೆ ಮೂರು ನಾಲ್ಕು ವರ್ಷ ಮರಳಿ ತರುವುದಿಲ್ಲ.

ಎಲ್ಲ ಲೆಕ್ಕದ ಕೇಂದ್ರಬಿಂದು ಒಂದು ದಿನಾಂಕ: ವಸಂತದ ಕೊನೆಯ ಹಿಮರಾತ್ರಿ. ಉಷ್ಣಾಂಶ ಶೂನ್ಯಕ್ಕಿಳಿದು ಎಲೆಯೊಳಗಿನ ನೀರು ಹೆಪ್ಪುಗಟ್ಟಿದರೆ ಟೊಮ್ಯಾಟೊ ಸಸಿ ಬೆಳಗಾಗುವುದರೊಳಗೆ ಕಪ್ಪಾಗುತ್ತದೆ. ವರ್ಮಾಂಟ್‌ನ ಬರ್ಲಿಂಗ್ಟನ್ ನಗರದ ಸುತ್ತ ಈ ರಾತ್ರಿ ಸಾಮಾನ್ಯವಾಗಿ ಮೇ ಮಧ್ಯಭಾಗದಲ್ಲಿ ಬರುತ್ತದೆ. ತಣ್ಣನೆಯ ಗಾಳಿ ಇಳಿದು ನಿಲ್ಲುವ ಕಣಿವೆಗಳಲ್ಲಿ ಜೂನ್ ಆರಂಭದವರೆಗೂ ಭಯ ತಪ್ಪಿದ್ದಲ್ಲ. ಆ ದಿನದಿಂದ ಹಿಂದಕ್ಕೆ ಎಣಿಸಲಾಗುತ್ತದೆ. ಈರುಳ್ಳಿಗೆ 10ರಿಂದ 12 ವಾರ, ದಪ್ಪ ಮೆಣಸಿನಕಾಯಿಗೆ 8ರಿಂದ 10, ಟೊಮ್ಯಾಟೊಗೆ 6ರಿಂದ 8, ಸೌತೆ-ಕುಂಬಳಗಳಿಗೆ 3ರಿಂದ 4 ವಾರ ಮುಂಚೆ ಮನೆಯೊಳಗೆ ದೀಪದಡಿ ಬೀಜ ಹಾಕಬೇಕು. ಹೊರಗೆ ನೆಡುವ ಮುನ್ನ ವಾರ-ಹತ್ತು ದಿನ ಸಸಿಗಳನ್ನು ದಿನಕ್ಕಿಷ್ಟು ಹೊತ್ತು ಬಿಸಿಲು ಗಾಳಿಗೆ ಒಡ್ಡಿ ಗಟ್ಟಿಗೊಳಿಸಬೇಕು.

ಈ ನಡುವೆಯೇ ಫೆಬ್ರುವರಿ ಕೊನೆಯಿಂದ ಏಪ್ರಿಲ್‌ವರೆಗೆ ಮೇಪಲ್ ಮರಗಳ ರಸ ಇಳಿಸುವ ಕಾಲ. ರಾತ್ರಿ ಹೆಪ್ಪುಗಟ್ಟುವ ಚಳಿ, ಹಗಲು ತುಸು ಬಿಸಿಲು, ಎರಡೂ ಸೇರಿದರೆ ಮಾತ್ರ ರಸ ಹರಿಯುತ್ತದೆ. ಸುಮಾರು 40 ಲೀಟರ್ ರಸ ಕುದಿಸಿದರೆ ಒಂದು ಲೀಟರ್ ಪಾಕ ದೊರೆಯುತ್ತದೆ.

ಬದಲಾದ ಭೂಪಟ

ಇಷ್ಟು ನಿಖರವಾದ ಲೆಕ್ಕಕ್ಕೂ ಈಗ ಆತಂಕ ಎದುರಾಗಿದೆ. ಅಮೆರಿಕದ ಕೃಷಿ ಇಲಾಖೆ 2023ರ ನವೆಂಬರ್‌ನಲ್ಲಿ ಸಸ್ಯಗಳ ಚಳಿ ಸಹಿಷ್ಣುತೆಯ ಹೊಸ ಭೂಪಟ ಹೊರತಂದಿತು. 1991ರಿಂದ 2020ರವರೆಗಿನ ಹವಾಮಾನ ಮಾಹಿತಿಯನ್ನು ಆಧರಿಸಿದ ಈ ನಕ್ಷೆಯಲ್ಲಿ ದೇಶದ ಸುಮಾರು ಅರ್ಧ ಭಾಗ, 2012ರ ನಕ್ಷೆಗೆ ಹೋಲಿಸಿದರೆ ಅರ್ಧ ವಲಯದಷ್ಟು ಬೆಚ್ಚಗಿನ ಕಡೆಗೆ ಸರಿದಿದೆ.

ಚಳಿ ತಗ್ಗಿದರೆ ಕೃಷಿಕನಿಗೆ ಲಾಭವಲ್ಲವೇ ಎಂಬ ಪ್ರಶ್ನೆ ಸಹಜ. ಆದರೆ ಆ ನಕ್ಷೆ ತಿಳಿಸುವುದು ಚಳಿಗಾಲದ ಅತಿ ಶೀತ ರಾತ್ರಿಗಳ ಸರಾಸರಿಯನ್ನು. ಕೊನೆಯ ಹಿಮರಾತ್ರಿ ಯಾವುದೆಂದು ಅದು ಹೇಳುವುದಿಲ್ಲ. ಬೆಚ್ಚಗಿನ ದಿನಗಳಿಗೆ ಮರುಳಾಗಿ ಮೊಗ್ಗು ಬೇಗ ಬಿರಿದರೆ ತಡವಾಗಿ ಬರುವ ಒಂದೇ ಹಿಮರಾತ್ರಿ ವರ್ಷದ ಫಸಲನ್ನು ಒಯ್ಯಬಲ್ಲದು. 2023ರಲ್ಲಿ ಆದದ್ದು ಇದೇ ಬಗೆಯ ಸರಣಿ ಆಘಾತ. ಫೆಬ್ರುವರಿ ಆರಂಭದ ಹಠಾತ್ ಕಡುಚಳಿಗೆ ಆ ಭಾಗದ ಪೀಚ್ ಮೊಗ್ಗುಗಳು ವ್ಯಾಪಕವಾಗಿ ಸತ್ತವು. ಮೇ 18ರ ಮುಂಜಾನೆಯ ಹಿಮಕ್ಕೆ ವರ್ಮಾಂಟ್‌ನ ಸೇಬಿನ ಹೂಗಳು ಸುಟ್ಟವು. ಜುಲೈನಲ್ಲಿ ಪ್ರವಾಹ ಬಂದು ನದಿ ದಂಡೆಯ ಹೊಲಗಳನ್ನು ಮುಳುಗಿಸಿತು. ಆದುದರಿಂದಲೇ ಮುದ್ರಿತ ದಿನಾಂಕಕ್ಕಿಂತ ಸ್ವಂತ ಟಿಪ್ಪಣಿ ಪುಸ್ತಕಕ್ಕೆ ಈಗ ಹೆಚ್ಚಿನ ಬೆಲೆ ಬಂದಿದೆ. ಕಳೆದ ವರ್ಷ ಹಿಮ ಯಾವ ದಿನ ಬಿತ್ತು, ಯಾವ ಪಾತಿಯಲ್ಲಿ ಮೊದಲು ಕರಗಿತು ಎಂಬ ದಾಖಲೆ, ಒಂದೇ ಬಾರಿಗೆ ನೆಡದೆ ಎರಡು ಮೂರು ಕಂತಿನಲ್ಲಿ ನೆಡುವುದು, ಹೊದಿಸಲು ಬಟ್ಟೆ ಸಿದ್ಧವಿಡುವುದು ಇವೇ ಚಿಕ್ಕ ಹಿಡುವಳಿದಾರನ ವಿಮೆ.

ಅವರೆಕಾಯಿ ಹೇಳುವ ಪಾಠ

ಅಮೆರಿಕದ ಉತ್ತರ ರಾಜ್ಯಗಳಲ್ಲಿ ನೆಲೆಸಿ ಹಿತ್ತಲಲ್ಲಿ ಅವರೆ ಬೆಳೆಯಲು ಹೊರಡುವ ಕನ್ನಡಿಗರಿಗೂ ಬೆಳಕಿನ ಈ ಲೆಕ್ಕ ತಪ್ಪದು. ನಮ್ಮ ಸಾಂಪ್ರದಾಯಿಕ ಅವರೆ ತಳಿಗಳು ಹಗಲು ಕಿರಿದಾದಾಗಲೇ ಹೂ ಬಿಡುವಂಥವು. ಹಳೆ ಮೈಸೂರು ಭಾಗದ ಸೊಗಡವರೆ ಡಿಸೆಂಬರ್-ಜನವರಿಯಲ್ಲಿ ಮಾರುಕಟ್ಟೆಗೆ ಬರುವ ಗುಟ್ಟು ಇದೇ. ಜೂನ್‌ನಲ್ಲಿ ಹದಿನೈದು ಗಂಟೆ ಮೀರಿದ ಹಗಲಿರುವ ವರ್ಮಾಂಟ್‌ನಂತಹ ಕಡೆ ಈ ಬಳ್ಳಿ ಸೊಂಪಾಗಿ ಹಬ್ಬುತ್ತದೆ, ಹೂ ಮಾತ್ರ ಬಿಡದು. ಸೆಪ್ಟೆಂಬರ್ ಕೊನೆಗೆ ಹಗಲು ಕುಗ್ಗಿ ಮೊಗ್ಗು ಮೂಡುವ ಹೊತ್ತಿಗೆ ಹಿಮರಾತ್ರಿ ಬಾಗಿಲಲ್ಲಿ ನಿಂತಿರುತ್ತದೆ. ಹಗಲಿನ ಉದ್ದಕ್ಕೆ ಕಟ್ಟುಬೀಳದ ತಳಿಗಳೂ ಇವೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ 'ಹೆಬ್ಬಾಳ ಅವರೆ-3' ಮತ್ತು 'ಹೆಬ್ಬಾಳ ಅವರೆ-4' ಇದಕ್ಕೆ ನಿದರ್ಶನ. ಬೀಜ ಬಿತ್ತುವ ಮೊದಲೇ ತಳಿಯ ಸ್ವಭಾವ ತಿಳಿದಿರದಿದ್ದರೆ ಒಂದು ಇಡೀ ಬೇಸಿಗೆ ಎಲೆಯಲ್ಲೇ ಕಳೆದುಹೋಗುತ್ತದೆ.

ಚಳಿಗಾಲದ ಈ ಯೋಜನೆ ಪ್ರಕೃತಿಯನ್ನು ಮಣಿಸುವ ಹವಣಿಕೆಯಲ್ಲ. ಎಷ್ಟು ಬೆಳಕಿದೆ, ಎಷ್ಟು ದಿನವಿದೆ, ಎಲ್ಲಿ ಸೋಲುವ ಸಂಭವವಿದೆ ಎಂಬುದನ್ನು ಮೊದಲೇ ಅರಿತು ಅದಕ್ಕೆ ತಕ್ಕಂತೆ ಹೆಜ್ಜೆ ಇಡುವ ಎಚ್ಚರ ಅದು. ಋತುಗಳ ಸರದಿಯೇ ಸಡಿಲವಾಗುತ್ತಿರುವ ಈ ಕಾಲದಲ್ಲಿ ಆ ಎಚ್ಚರ ಹಿಮದ ನಾಡಿಗಷ್ಟೇ ಸೀಮಿತವಾದುದಲ್ಲ.