ಬೈಕಿಗೆ ಮೇಕಪ್, ಅಮ್ಮನ ಸೀರೆಗೆ ಕೆಸರು!

ಹೋದ ಮಳೆಗಾಲದ ರಜೆಯಲ್ಲಿ ನಮ್ಮ ಮನೆಯ ಕೊಟ್ಟಿಗೆ ಎರಡು ಭಾಗವಾಗಿತ್ತು. ಆ ಕಡೆ ಎರಡು ಹಸು, ಒಂದು ಕರು. ಈ ಕಡೆ ನನ್ನ ಬೈಕು, ಅದರ ಸುತ್ತ ಬಿಚ್ಚಿ ಹರಡಿದ ನಟ್ಟು, ಬೋಲ್ಟು, ವೈರು. ಹಾಲು ಕರೆಯಲು ಬರುತ್ತಿದ್ದ ಅಮ್ಮ ದಿನಾ ಕೇಳುತ್ತಿದ್ದ ಪ್ರಶ್ನೆ ಒಂದೇ. ‘ಚೆನ್ನಾಗಿ ಓಡ್ತಿದ್ದ ಗಾಡೀನ ಯಾಕೋ ಬಿಚ್ಚಿದೆ?’

ಚೆನ್ನಾಗಿ ಓಡುವುದು ಬೇರೆ, ಚೆನ್ನಾಗಿ ಕಾಣುವುದು ಬೇರೆ ಎಂದು ಅಮ್ಮನಿಗೆ ಹೇಗೆ ಹೇಳುವುದು? ನನ್ನದು ಸೆಕೆಂಡ್ ಹ್ಯಾಂಡ್ ಯಮಾಹಾ ಆರ್15 ವಿ2. ಅಡಿಕೆ ದುಡ್ಡು ಬಂದಾಗ ಅಪ್ಪ ಕೊಡಿಸಿದ್ದು. 150 ಸಿಸಿ, ಆರು ಗೇರು, ಎರಡು ತುಂಡಾದ ಸೀಟು. ಹಿಂದಿನ ಸೀಟು ಎಷ್ಟು ಎತ್ತರವೆಂದರೆ, ಮೊದಲ ಸಲ ಹತ್ತಿದ ಅಮ್ಮ ‘ಅಟ್ಟದ ಮೇಲೆ ಕೂರಿಸಿದ ಹಾಗಾಯ್ತು’ ಅಂದಿದ್ದರು. ನನಗೋ ಅದು ರೇಸ್ ಬೈಕ್. ಆದರೆ ಹಿಂದಿನಿಂದ ನೋಡಿದರೆ ಉದ್ದನೆಯ ಕಪ್ಪು ಮಡ್‌ಗಾರ್ಡ್ ಬಾಲದ ಹಾಗೆ ಜೋತು ಬಿದ್ದಿತ್ತು. ಎಡಗಡೆ ಚಕ್ರಕ್ಕೆ ಅಡ್ಡವಾಗಿ ಸೀರೆ ಗಾರ್ಡ್. ಹಾಸ್ಟೆಲಿನ ಗೆಳೆಯರು ‘ಮುಂದೆ ವ್ಯಾಲೆಂಟಿನೊ ರೊಸ್ಸಿ, ಹಿಂದೆ ಹಾಲಿನ ಡೇರಿ’ ಎಂದು ಕಾಲೆಳೆಯುತ್ತಿದ್ದರು.

ಹಾಗಾಗಿ ಸಾಮಾನು ತರಿಸಿದೆ. ಒಂದು, ಟೇಲ್ ಟೈಡಿ. ಉದ್ದನೆಯ ಮಡ್‌ಗಾರ್ಡ್ ತೆಗೆದು ನಂಬರ್ ಪ್ಲೇಟನ್ನು ಸೀಟಿನ ಕೆಳಗೇ ಕೂರಿಸುವ ಪುಟ್ಟ ಕಬ್ಬಿಣದ ಬ್ರ್ಯಾಕೆಟ್ ಅದು. ಎರಡು, 20 ವಾಟಿನ ಒಂದು ಜೊತೆ ಎಲ್‌ಇಡಿ ಫಾಗ್ ಲೈಟ್. ಲೈಟಿಗೆ ಮಾತ್ರ ನಿಜವಾದ ಕಾರಣವಿತ್ತು. ಮಲೆನಾಡಿನ ಮಳೆಗಾಲದಲ್ಲಿ ಸಂಜೆ ಆರಕ್ಕೇ ಮಂಜು ಇಳಿಯುತ್ತದೆ. ಹಳೆಯದಾಗಿ ಹಳದಿಗಟ್ಟಿದ್ದ ನನ್ನ ಹೆಡ್‌ಲೈಟಿನಲ್ಲಿ ರಸ್ತೆಯ ಅಂಚು ಕಾಣುತ್ತಿರಲಿಲ್ಲ. ಇನ್ನು ಮೆಕ್ಯಾನಿಕ್ ಯಾಕೆ? ಓದುತ್ತಿರುವುದು ಬಿಇ, ಅದರಲ್ಲೂ ಎಲೆಕ್ಟ್ರಿಕಲ್ ಅಂಡ್ ಎಲೆಕ್ಟ್ರಾನಿಕ್ಸ್! ಸ್ಪ್ಯಾನರ್ ಸೆಟ್, ಅಲೆನ್ ಕೀ, ಒಂದು ಸುತ್ತು ಇನ್ಸುಲೇಷನ್ ಟೇಪ್ ಇಟ್ಟುಕೊಂಡು ಕೂತೆ.

ಮಡ್‌ಗಾರ್ಡ್ ಬಿಚ್ಚಲು ಅರ್ಧ ಗಂಟೆ ಸಾಕಾಯಿತು. ಅದರ ತುದಿಯಲ್ಲಿದ್ದ ಕೆಂಪು ರಿಫ್ಲೆಕ್ಟರೂ ಅದರ ಜೊತೆಗೇ ಹೋಯಿತು. ಟೇಲ್ ಟೈಡಿಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಸೀರೆ ಗಾರ್ಡನ್ನೂ ಕಳಚಿ ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆ ಎಸೆದೆ. ಫಾಗ್ ಲೈಟಿಗೆ ಕರೆಂಟ್ ಎಲ್ಲಿಂದ? ಹೆಡ್‌ಲೈಟಿಗೆ ಹೋಗುವ ವೈರಿನ ಸಿಪ್ಪೆ ಸುಲಿದು ಅದಕ್ಕೇ ಹೊಸ ವೈರು ಸುತ್ತಿ, ಮೇಲೆ ಟೇಪ್ ಹಚ್ಚಿದೆ. ವೈರನ್ನು ಹ್ಯಾಂಡಲ್ ತಿರುಗುವ ಸಂದಿಯಿಂದ ಹಾಯಿಸಿ ಸ್ವಿಚ್ಚಿಗೆ ತಂದೆ. ಸ್ವಿಚ್ ಒತ್ತಿದರೆ ಇಡೀ ಕೊಟ್ಟಿಗೆ ಹಗಲು! ಕರು ಬೆದರಿ ಹಗ್ಗ ಎಳೆಯಿತು. ನಾನು ಫೋಟೊ ತೆಗೆದು ಸ್ಟೇಟಸ್ ಹಾಕಿದೆ.

ಮೊದಲ ಫಲ ಸಿಕ್ಕಿದ್ದು ಮರುದಿನವೇ. ಅಮ್ಮನನ್ನು ಪೇಟೆಗೆ ಕರೆದುಕೊಂಡು ಹೋಗಿ ಇಳಿಸಿದಾಗ, ಅವರ ಸೀರೆಯ ಬೆನ್ನಿನ ಮೇಲೆ ಸೊಂಟದಿಂದ ಕುತ್ತಿಗೆವರೆಗೆ ಕೆಸರಿನ ಪಟ್ಟೆ. ಹಿಂದಿನ ಚಕ್ರ ಎತ್ತುವ ನೀರನ್ನು ತಡೆಯಲು ಅಲ್ಲಿ ಏನೂ ಉಳಿದಿರಲಿಲ್ಲವಲ್ಲ! ‘ಕೆಳಗೆ ಬಿಚ್ಚಿದ್ದು ಇದನ್ನೇ ಅಲ್ವಾ?’ ಎಂದು ಅಮ್ಮ ಕೇಳಿದರು. ಬೈಯಲಿಲ್ಲ. ಅಂಗಡಿಗಳಿಗೆ ಬೆನ್ನು ಕಾಣದ ಹಾಗೆ ಸೆರಗು ಹೊದ್ದು ನಡೆದರು. ನಾಳೆ ಮಡ್‌ಗಾರ್ಡ್ ಹಾಕಿದರಾಯಿತು ಅಂದುಕೊಂಡೆ. ಆ ನಾಳೆ ಬರಲಿಲ್ಲ.

ಎರಡು ವಾರದ ನಂತರ ತೀರ್ಥಹಳ್ಳಿಯಲ್ಲಿ ಚಿಕ್ಕಮ್ಮನ ಮನೆಯ ಗೃಹಪ್ರವೇಶ. ಮುಗಿಸಿ ಕೊಪ್ಪದ ಕಡೆಗೆ ಹೊರಟಾಗ ಕತ್ತಲಾಗಿತ್ತು. ಸಣ್ಣಗೆ ಮಳೆ, ದಟ್ಟ ಮಂಜು. ಫಾಗ್ ಲೈಟ್ ಹಾಕಿದ್ದೆ, ರಸ್ತೆ ಚೆನ್ನಾಗಿಯೇ ಕಾಣುತ್ತಿತ್ತು. ಒಂದು ತಿರುವಿನಲ್ಲಿ ಹ್ಯಾಂಡಲ್ ಎಡಕ್ಕೆ ತಿರುಗಿಸಿದೆ ಅಷ್ಟೇ. ಹೆಡ್‌ಲೈಟ್, ಫಾಗ್ ಲೈಟ್, ಮೀಟರ್, ಎಂಜಿನ್ ಎಲ್ಲವೂ ಒಂದೇ ಕ್ಷಣಕ್ಕೆ ಸತ್ತವು. ಮುಂದೆ ಕಪ್ಪು ಗೋಡೆ. ಅಂದಾಜಿನ ಮೇಲೆ ಬ್ರೇಕ್ ಹಿಡಿದೆ. ಬೈಕು ರಸ್ತೆಯ ಮೇಲೇ ನಿಂತಿತು. ಪಕ್ಕದಲ್ಲಿ ಚರಂಡಿ, ದೂಡಲೂ ಜಾಗವಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಲಾರಿಯ ಸದ್ದು.

ನಾನು ಕೀ ತಿರುಗಿಸುತ್ತಾ, ಸ್ವಿಚ್ ಒತ್ತುತ್ತಾ ನಿಂತಿದ್ದೆ. ಅಮ್ಮ ಮಾತ್ರ ಮೊಬೈಲಿನ ಟಾರ್ಚ್ ಹಚ್ಚಿ, ಕೈ ಮೇಲೆತ್ತಿ ಬೀಸುತ್ತಾ ತಿರುವಿನ ಕಡೆಗೆ ಓಡಿದರು. ಲಾರಿ ಕಿರ್ರೆಂದು ನಿಂತಾಗ ಬೈಕಿಗೂ ಅದಕ್ಕೂ ಇದ್ದ ಅಂತರ ನಾಲ್ಕು ಮಾರು ಇರಬಹುದು. ಚಾಲಕ ಇಳಿದು ಬಂದವರೇ ಕೂಗಿದರು. ‘ಹಿಂದೆ ಒಂದು ಲೈಟಿಲ್ಲ. ಹೋಗ್ಲಿ, ಒಂದು ರೇಡಿಯಂ ಆದ್ರೂ ಬೇಡ್ವೇನೋ? ಆಯಮ್ಮ ಓಡಿ ಬರ್ದಿದ್ರೆ ಏನ್ ಕಥೆ?’

ಕರೆಂಟ್ ಇಲ್ಲದಿದ್ದರೂ ಕೆಲಸ ಮಾಡುವ ಒಂದೇ ಒಂದು ದೀಪ ಬೈಕಿನಲ್ಲಿತ್ತು. ಅದೇ ಆ ಕೆಂಪು ರಿಫ್ಲೆಕ್ಟರ್. ಬ್ಯಾಟರಿ ಬೇಡ, ವೈರು ಬೇಡ, ಎದುರಿನ ಗಾಡಿಯ ಬೆಳಕನ್ನೇ ಅದರತ್ತ ತಿರುಗಿಸಿ ಕಳಿಸುತ್ತದೆ. ಅದು ಗೋಣಿಚೀಲದೊಳಗೆ, ನಮ್ಮ ಮನೆಯ ಅಟ್ಟದ ಮೇಲಿತ್ತು.

ಬೈದವರೇ ಲಾರಿಯನ್ನು ಅಡ್ಡ ನಿಲ್ಲಿಸಿ ಬೆಳಕು ಕೊಟ್ಟರು. ಸೀಟು ತೆಗೆದು ನೋಡಿದರೆ ಬೈಕಿನ ಮೇನ್ ಫ್ಯೂಸ್ ಸುಟ್ಟಿತ್ತು. ಪಕ್ಕದಲ್ಲೇ ಒಂದು ಸ್ಪೇರ್ ಫ್ಯೂಸ್ ಇಟ್ಟಿದ್ದರು. ನನ್ನಂಥವನೊಬ್ಬ ಹೀಗೆ ಮಾಡಿಕೊಂಡು ನಿಲ್ಲುತ್ತಾನೆ ಎಂದು ಯಾರೋ ಎಂಜಿನಿಯರ್ ವರ್ಷಗಳ ಹಿಂದೆಯೇ ಯೋಚಿಸಿದ್ದ! ಫಾಗ್ ಲೈಟಿನ ವೈರನ್ನು ಕಿತ್ತು, ಸ್ಪೇರ್ ಹಾಕಿದೆ. ಬೈಕ್ ಸ್ಟಾರ್ಟ್ ಆಯಿತು. ಮನೆವರೆಗೂ ಅಮ್ಮ ಒಂದು ಮಾತೂ ಆಡಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಮರುದಿನ ಪೇಟೆಯ ಆಟೊ ಎಲೆಕ್ಟ್ರಿಷಿಯನ್ ಅಣ್ಣನ ಬಳಿ ಹೋದೆ. ವೈರು ನೋಡಿದ ಕೂಡಲೇ ಅವರಿಗೆ ಅರ್ಥವಾಯಿತು. ಹ್ಯಾಂಡಲ್ ತಿರುಗಿದಾಗಲೆಲ್ಲ ವೈರು ಸಂದಿಯಲ್ಲಿ ಉಜ್ಜಿ, ಮೇಲಿನ ಪ್ಲಾಸ್ಟಿಕ್ ಸವೆದು, ಒಳಗಿನ ತಾಮ್ರ ಫ್ರೇಮಿಗೆ ತಾಗಿತ್ತು. ಬೈಕಿನ ಫ್ರೇಮ್ ಎಂದರೆ ಬ್ಯಾಟರಿಯ ನೆಗೆಟಿವ್. ಅಂದರೆ ನೇರ ಶಾರ್ಟ್ ಸರ್ಕೀಟ್. ನನ್ನ ಲೈಟಿಗೆ ಬೇರೆ ಫ್ಯೂಸ್ ಇಲ್ಲದ್ದರಿಂದ ಅದು ಇಡೀ ಬೈಕನ್ನೇ ಮುಳುಗಿಸಿತು. ‘ಏನ್ ಓದ್ತಿದೀಯಾ?’ ಅಂದರು. ಹೇಳಿದೆ. ಅವರು ನಗಲಿಲ್ಲ, ಅದೇ ಹೆಚ್ಚು ನಾಚಿಕೆಯಾಯಿತು.

ಅವರ ಮುಂದೆ ಕೂತು ನಾನೇ ಕೈಯಾರೆ ಮತ್ತೆ ಜೋಡಿಸಿದೆ. ಎರಡು ಲೈಟು ಸೇರಿ 40 ವಾಟ್. ಅದನ್ನು 12 ವೋಲ್ಟಿನಿಂದ ಭಾಗಿಸಿದರೆ ಸುಮಾರು 3.3 ಆಂಪಿಯರ್. ಆದ್ದರಿಂದ ಬ್ಯಾಟರಿಯ ಪಾಸಿಟಿವ್ ಪಕ್ಕದಲ್ಲೇ 5 ಆಂಪಿಯರಿನ ಫ್ಯೂಸ್, ಅಲ್ಲಿಂದ ರಿಲೇಯ 30ನೇ ಪಿನ್ನಿಗೆ. 87ರಿಂದ ಲೈಟಿಗೆ. 85 ಅರ್ತ್, 86ಕ್ಕೆ ಇಗ್ನಿಷನ್ ಸ್ವಿಚ್ ದಾಟಿ ಬಂದ ವೈರು. ಹೀಗಾದರೆ ಹ್ಯಾಂಡಲಿನ ಪುಟ್ಟ ಸ್ವಿಚ್ಚಿನ ಮೇಲೆ ಭಾರ ಬೀಳುವುದಿಲ್ಲ, ಕೀ ತೆಗೆದರೆ ಲೈಟೂ ಆರುತ್ತದೆ. ಶಾರ್ಟ್ ಆದರೂ ಆರುವುದು ಫಾಗ್ ಲೈಟ್ ಮಾತ್ರ. ಪರೀಕ್ಷೆಯಲ್ಲಿ ರಿಲೇ ಚಿತ್ರ ಬರೆದು ಅಂಕ ಪಡೆದಿದ್ದೇನೆ. ಅದು ಯಾಕೆ ಬೇಕು ಎಂದು ಗೊತ್ತಾಗಿದ್ದು ಆ ಅಂಗಡಿಯ ಸ್ಟೂಲಿನ ಮೇಲೆ. ವೈರಿಗೆ ಸ್ಲೀವ್ ಹಾಕಿ, ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಎಲ್ಲೂ ಎಳೆಯುವುದಿಲ್ಲ, ಉಜ್ಜುವುದಿಲ್ಲ ಎಂದು ನೋಡಿದ ಮೇಲೆಯೇ ಕಟ್ಟಿದೆವು. ಲೈಟಿನ ಮುಖವನ್ನು ರಸ್ತೆಗೆ ಬಗ್ಗಿಸಿದೆವು. ಮಂಜಿಲ್ಲದಾಗ ಅದನ್ನು ಹಾಕುವಂತಿಲ್ಲ ಎಂದು ಅಣ್ಣ ಮಾತು ತೆಗೆದುಕೊಂಡರು. ‘ನಿನಗೆ ದಾರಿ ಕಾಣ್ಬೇಕು ನಿಜ. ಎದುರಿಗೆ ಬರೋನಿಗೆ ಕಣ್ಣು ಕಾಣ್ಬೇಡ್ವಾ?’

ಮನೆಗೆ ಬಂದು ಅಟ್ಟದ ಗೋಣಿಚೀಲ ಇಳಿಸಿದೆ. ಆಮೇಲೆ ಓದಿ ತಿಳಿದಿದ್ದೇನೆಂದರೆ, ನಾನು ಅಂದಕ್ಕೆ ಅಡ್ಡಿ ಎಂದು ಬಿಚ್ಚಿ ಎಸೆದಿದ್ದೆಲ್ಲ ಕಾನೂನಿನಲ್ಲೇ ಇದೆ. ಹಿಂಬದಿಯ ಚಕ್ರಕ್ಕೆ ಬಟ್ಟೆ ಸಿಕ್ಕದಂತೆ ರಕ್ಷಣೆ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ಹಿಂದಿನ ಕೆಂಪು ರಿಫ್ಲೆಕ್ಟರೂ ಕಡ್ಡಾಯ. ಕಾನೂನು ಬಿಟ್ಟು ವಾಹನ ಮಾರ್ಪಡಿಸಿದರೆ, 2019ರ ತಿದ್ದುಪಡಿಯ ನಂತರ, ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಕರ್ಕಶ ಸೈಲೆನ್ಸರುಗಳ ಮೇಲೆ ಪೊಲೀಸರು ರೋಡ್ ರೋಲರ್ ಹಾಯಿಸುವ ಫೋಟೊ ನೋಡಿ ನಗುತ್ತಿದ್ದವನು ನಾನು. ಸದ್ದು ಮಾಡದ ತಪ್ಪುಗಳು ನನ್ನ ಬೈಕಿನಲ್ಲೇ ಇದ್ದವು.

ಮನೆಯಲ್ಲೇ ಬೈಕ್ ಬಿಚ್ಚುವುದನ್ನು ನಾನು ಬಿಟ್ಟಿಲ್ಲ. ಆದರೆ ಈಗ ಸ್ಪ್ಯಾನರ್ ಹಾಕುವ ಮೊದಲು ಅಮ್ಮನ ಪ್ರಶ್ನೆಯನ್ನು ಸ್ವಲ್ಪ ಬದಲಿಸಿ ನನಗೇ ಕೇಳಿಕೊಳ್ಳುತ್ತೇನೆ. ಇದನ್ನು ಇಲ್ಲಿ ಯಾಕೆ ಇಟ್ಟಿದ್ದಾರೆ? ಉತ್ತರ ಗೊತ್ತಾಗುವವರೆಗೆ ಆ ಬೋಲ್ಟ್ ಮುಟ್ಟುವುದಿಲ್ಲ.

ಬಾಲ ಮತ್ತೆ ಬಂದಿದೆ, ಸೀರೆ ಗಾರ್ಡೂ ಬಂದಿದೆ. ಹಾಸ್ಟೆಲಿನಲ್ಲಿ ಮತ್ತೆ ‘ಹಾಲಿನ ಡೇರಿ’ ಎಂದೇ ಹೆಸರು. ಅಮ್ಮನಿಗೂ ಒಂದು ಹೊಸ ಅಭ್ಯಾಸವಾಗಿದೆ. ಸಂಜೆ ಹೊತ್ತು ಹೊರಡುವಾಗ ಬೈಕಿನ ಹಿಂದೆ ಹೋಗಿ ಮೊಬೈಲಿನ ಟಾರ್ಚ್ ಬಿಡುತ್ತಾರೆ. ಕೆಂಪಗೆ ಮಿನುಗಿದರೆ ಮಾತ್ರ ಅಟ್ಟ ಹತ್ತಿ ಕೂರುತ್ತಾರೆ.