ಇಲ್ಲದ ತಂಡದ ಯಜಮಾನಿಕೆ

ಕಳೆದ ಮಾಘಮಾಸದಲ್ಲಿ ನಮ್ಮ ಕಿರಿಯ ಮಗನು ಬೈಸಿಕಲ್ಲಿನಿಂದ ಬಿದ್ದು ಕಾಲು ಮುರಿದುಕೊಂಡನು. ಆರು ವಾರಗಳ ಕಾಲ ಅವನು ಹಾಸಿಗೆ ಬಿಟ್ಟೇಳಕೂಡದೆಂದು ವೈದ್ಯರ ಅಪ್ಪಣೆಯಾಯಿತು. ಅವನ ಕಾಲಕ್ಷೇಪಕ್ಕೆಂದು ಸ್ನೇಹಿತನೊಬ್ಬನು ಗಣಕಯಂತ್ರದಲ್ಲಿ ಆಡತಕ್ಕ ಒಂದು ಆಟವನ್ನು ತಂದುಕೊಟ್ಟನು. ಅದು ಅಮೆರಿಕಾ ದೇಶದ ಬೇಸ್‌ಬಾಲ್ ಆಟ; ಆದರೆ ಆಡುವವನ ಕೈಗೆ ಚೆಂಡೂ ಬರುವುದಿಲ್ಲ, ದಾಂಡೂ ಬರುವುದಿಲ್ಲ. ಅವನು ಒಂದು ತಂಡದ ಯಜಮಾನನಾಗಿ ಆಟಗಾರರನ್ನು ಆರಿಸುವುದು, ಕೆಳಕ್ಕಿಳಿಸುವುದು, ಬಿಟ್ಟುಬಿಡುವುದು, ಇಷ್ಟೇ ಕೆಲಸ. ಆ ಆಟಗಾರರಾದರೋ ಯಂತ್ರವು ಕಲ್ಪಿಸಿದವರು. ಅವರಿಗೆ ಹೆಸರುಂಟು, ವಯಸ್ಸುಂಟು, ಹುಟ್ಟೂರೂ ಉಂಟು; ತಾಯಿತಂದೆಗಳು ಮಾತ್ರ ಇಲ್ಲ. ಮಗನು ದಾಕ್ಷಿಣ್ಯಕ್ಕಾಗಿ ನಮ್ಮನ್ನು ಸಹಾಯಕರನ್ನಾಗಿ ನೇಮಿಸಿಕೊಂಡನು. ಹದಿನೈದು ದಿನಗಳೊಳಗಾಗಿ ಯಜಮಾನಿಕೆಯು ಪೂರ್ತಿಯಾಗಿ ನಮ್ಮ ಕೈಗೇ ಬಂದಿತು. ಬಾಳೆಲ್ಲ ಹುಡುಗರಿಗೆ ಶಬ್ದರೂಪಗಳನ್ನು ಹೇಳಿಕೊಟ್ಟವರಿಗೆ ಈ ಹುಚ್ಚೇಕೆಂದು ವಾಚಕ ಮಹಾಶಯರು ಕೇಳಬಹುದು. ನಮ್ಮ ಮನೆಯವರೂ ಕೇಳಿದರು.

ಬೇಸ್‌ಬಾಲ್ ಆಟವು ನಮ್ಮವರು ಬಲ್ಲ ಕ್ರಿಕೆಟಿಗೆ ದಾಯಾದಿಯೆನ್ನಬಹುದು. ಒಂದು ಪಕ್ಷಕ್ಕೆ ಒಂಬತ್ತು ಮಂದಿ. ಚೆಂಡನ್ನು ಎಸೆಯುವವನು ಪಿಚರ್. ಹೊಡೆಯುವವನ ಹಿಂದೆ ಕುಕ್ಕುರುಗಾಲಿನಲ್ಲಿ ಕುಳಿತು ಅದನ್ನು ಹಿಡಿಯುವವನು ಕ್ಯಾಚರ್. ಮೇಜರ್ ಲೀಗ್ ಎಂಬ ಮೇಲುಪಂಕ್ತಿಯಲ್ಲಿ ೩೦ ತಂಡಗಳಿವೆ. ಫೆಬ್ರವರಿಯ ನಡುವೆ, ಉತ್ತರದ ಊರುಗಳು ಇನ್ನೂ ಹಿಮದಲ್ಲಿ ಹುದುಗಿರುವಾಗಲೇ, ಈ ತಂಡಗಳು ದಕ್ಷಿಣದ ಬಿಸಿಲಿಗೆ ವಲಸೆ ಹೋಗುತ್ತವೆ. ಹದಿನೈದು ಫ್ಲಾರಿಡಾಕ್ಕೆ, ಹದಿನೈದು ಆರಿಜೋನಾಕ್ಕೆ. ಮೊದಲನೆಯ ಗುಂಪಿನ ಹೆಸರು ನಮ್ಮ ಚಕ್ಕೋತದ ಜಾತಿಯ ಒಂದು ಹಣ್ಣಿನದು, ಎರಡನೆಯದರ ಹೆಸರು ಪಾಪಾಸುಕಳ್ಳಿಯದು. ಈ ವಸಂತಾಭ್ಯಾಸದ ಪದ್ಧತಿಯು ಹಳೆಯದು. ೧೮೮೬ರಲ್ಲಿಯೇ ಚಿಕಾಗೋ ತಂಡವು ಆರ್ಕನ್ಸಾ ಸೀಮೆಯ ಹಾಟ್ ಸ್ಪ್ರಿಂಗ್ಸ್ ಎಂಬ ಬಿಸಿನೀರಿನ ಬುಗ್ಗೆಗಳ ಊರಿಗೆ ಹೋಗಿ ಚಳಿಗಾಲದ ಬೊಜ್ಜನ್ನು ಕರಗಿಸಿಕೊಂಡು ಬಂದಿತ್ತು.

ಶಿಬಿರಕ್ಕೆ ಅರುವತ್ತು ಮಂದಿಯೋ ಅದಕ್ಕೂ ಹೆಚ್ಚೋ ಬರುವರು. ಮಾರ್ಚಿಯ ಕೊನೆಗೆ ಉಳಿಯತಕ್ಕವರು ೨೬ ಮಂದಿ. ೨೦೨೦ಕ್ಕೆ ಮುಂಚೆ ೨೫ ಮಂದಿ ಮಾತ್ರ. ನಡುವೆ ನಡೆಯುವ ಪಂದ್ಯಗಳ ಸೋಲುಗೆಲವುಗಳು ಲೆಕ್ಕಕ್ಕಿಲ್ಲ, ಆದರೆ ಆಟಗಾರನ ಪಾಲಿಗೆ ಪ್ರತಿಯೊಂದು ಹೊಡೆತವೂ ಲೆಕ್ಕಕ್ಕುಂಟು. ಹಾಗೆಂದು ಆ ಲೆಕ್ಕವನ್ನು ನಂಬುವಂತೆಯೂ ಇಲ್ಲ. ಮಾರ್ಚಿಯಲ್ಲಿ ಬೆಟ್ಟದಷ್ಟು ಹೊಡೆದವನು ಹೊಡೆದದ್ದು ಎಳೆಯ ಹುಡುಗರ ಎಸೆತವನ್ನಾಗಿರಬಹುದು; ಪೆಟ್ಟು ತಿಂದ ಹಳಬ ಪಿಚರನು ಒಂದು ಹೊಸ ಎಸೆತವನ್ನು ಪರೀಕ್ಷಿಸುತ್ತಿದ್ದಿರಬಹುದು.

ಇಷ್ಟಾದರೂ ಉತ್ತಮರಾದ ೨೬ ಮಂದಿಯನ್ನು ಆರಿಸಿದರೆ ತೀರಿತಲ್ಲವೆ ಎಂದು ನಾವು ತಿಳಿದಿದ್ದೆವು. ಅದು ಹಾಗಲ್ಲ. ತಂಡವು ತನ್ನದೆಂದು ಕಾಯ್ದುಕೊಳ್ಳುವ ೪೦ ಮಂದಿಯ ದೊಡ್ಡ ಪಟ್ಟಿಯೊಂದುಂಟು. ಅದರಲ್ಲಿರುವ ಎಳೆಯನನ್ನು ಸಾಮಾನ್ಯವಾಗಿ ಮೂರು ವರ್ಷಗಳವರೆಗೆ ಕೆಳಗಿನ ಮೈನರ್ ಲೀಗಿಗೆ ಕಳುಹಿಸಿ ಬೇಕಾದಾಗ ಕರೆಸಿಕೊಳ್ಳಬಹುದು. ಇದಕ್ಕೆ ಆಪ್ಷನ್ ಎಂದು ಹೆಸರು. ಆ ಮೂರು ವರ್ಷಗಳು ಮುಗಿದವನನ್ನು ಇಳಿಸಬೇಕಾದರೆ ಮೊದಲು ಅವನನ್ನು ಉಳಿದ ತಂಡಗಳೆಲ್ಲಕ್ಕೂ ತೋರಿಸಬೇಕು. ಬೇಕಾದವರು ಎತ್ತಿಕೊಂಡು ಹೋಗುವರು. ಮೇಲುಪಂಕ್ತಿಯಲ್ಲಿ ಐದು ವರ್ಷ ಸೇವೆ ಸಲ್ಲಿಸಿದವನನ್ನಾದರೋ ಅವನ ಸಮ್ಮತಿಯಿಲ್ಲದೆ ಇಳಿಸುವಂತೆಯೇ ಇಲ್ಲ. ಇದರ ಫಲವೇನೆಂದರೆ, ಎಷ್ಟೋ ಸಲ ಹೆಚ್ಚು ಯೋಗ್ಯನಾದ ಹುಡುಗನೇ ಕೆಳಗೆ ಹೋಗುವನು, ಅವನನ್ನು ಕಳೆದುಕೊಳ್ಳುವ ಭಯವಿಲ್ಲವಾದ್ದರಿಂದ. ಕಡಿಮೆ ಯೋಗ್ಯನು ಮೇಲೆ ಉಳಿಯುವನು, ಬಿಟ್ಟರೆ ಹೋಗಿಬಿಡುವನಾದ್ದರಿಂದ. ವ್ಯಾಕರಣದಲ್ಲಿ ಲೋಪವಾದ ಪ್ರತ್ಯಯವೂ ಮರೆಯಲ್ಲಿದ್ದು ತನ್ನ ಕಾರ್ಯವನ್ನು ನಡೆಯಿಸುವುದುಂಟು. ಆಪ್ಷನ್ ಉಳ್ಳ ಹುಡುಗನ ಲೋಪವು ಆ ಬಗೆಯದು.

ಹೀಗೆ ತೆಗೆದುಹಾಕಲ್ಪಟ್ಟವರ ಗತಿಯು ಒಂದೇ ತೆರನಾಗಿರುವುದಿಲ್ಲ. ನ್ಯೂಯಾರ್ಕಿನ ಮೆಟ್ಸ್ ತಂಡವು ೨೦೧೦ರ ವಸಂತದಲ್ಲಿ ಮೊಟ್ಟಮೊದಲು ಶಿಬಿರದಿಂದ ಕಳುಹಿಸಿದ್ದು ಆರ್. ಎ. ಡಿಕಿ ಎಂಬ ೩೫ ವರ್ಷದ ಪಿಚರನನ್ನು. ತಿರುಗದೆ ತೇಲಿಬರುವ ನಕಲ್‌ಬಾಲ್ ಎಂಬ ವಕ್ರವಾದ ಎಸೆತವೇ ಅವನ ಜೀವನೋಪಾಯ. ಮೇ ತಿಂಗಳಲ್ಲಿ ಅವನನ್ನು ಮರಳಿ ಕರೆಸಿದರು. ೨೦೧೨ರಲ್ಲಿ ಪಿಚರರಿಗೆ ಸಲ್ಲುವ ಅತ್ಯುಚ್ಚ ಬಹುಮಾನವಾದ ಸೈ ಯಂಗ್ ಪ್ರಶಸ್ತಿಯು ಅವನದಾಯಿತು. ಅದೇ ವರ್ಷದ ಜನವರಿಯಲ್ಲಿ ಅವನು ಮುಂಬಯಿಯ ಸಂಕಟಗ್ರಸ್ತ ಹೆಣ್ಣುಮಕ್ಕಳ ಉದ್ಧಾರಕ್ಕೋಸ್ಕರ ಕಿಲಿಮಂಜಾರೋ ಪರ್ವತವನ್ನು ಹತ್ತಿ ಹಣ ಕೂಡಿಸಿದ್ದನೆಂಬುದನ್ನೂ ಹೇಳಿಬಿಡುವೆವು. ನಮ್ಮ ದೇಶದ ಇಬ್ಬರು ಹುಡುಗರೂ ಈ ಜರಡಿಯಲ್ಲಿ ಬಿದ್ದವರೇ. ಉತ್ತರಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಎಂಬ ಭರ್ಜಿಯೆಸೆತಗಾರರು ಒಂದು ಸ್ಪರ್ಧೆಯಲ್ಲಿ ಆಯ್ಕೆಯಾಗಿ, ೨೦೦೮ರಲ್ಲಿ ಪಿಟ್ಸ್‌ಬರ್ಗ್ ತಂಡದ ಒಪ್ಪಂದಕ್ಕೆ ಸೇರಿದರು. ಪಟೇಲನನ್ನು ೨೦೧೦ರ ಕೊನೆಗೆ ಬಿಟ್ಟುಬಿಟ್ಟರು. ಸಿಂಗನು ಇನ್ನೂ ಕೆಲವು ವರ್ಷ ಕೆಳಗಿನ ಪಂಕ್ತಿಗಳಲ್ಲಿಯೇ ಇದ್ದು, ತೋಳಿನ ನೋವಿನಿಂದ ನರಳಿ, ಮೇಲುಪಂಕ್ತಿಯನ್ನು ಮುಟ್ಟದೆಯೇ ಹೊರಬಂದನು.

ಇವರು ನಿಜವಾದ ಮನುಷ್ಯರು. ಇವರಿಗಾಗಿ ಮರುಗುವುದು ಸಹಜ. ಯಂತ್ರದೊಳಗಿನ ಹೆಸರುಗಳಿಗಾಗಿ ಮರುಗುವುದೆಂದರೇನು? ಈ ವಿಷಯದಲ್ಲಿ ನಮಗೆ ಹಿರಿಯರುಂಟೆಂದು ತಿಳಿದು ಸಮಾಧಾನವಾಯಿತು. ಜ್ಯಾಕ್ ಕೆರೊಆಕ್ ಎಂಬ ಪ್ರಸಿದ್ಧ ಅಮೆರಿಕನ್ ಕಾದಂಬರಿಕಾರನು ಲೋವೆಲ್ ಎಂಬ ಊರಿನಲ್ಲಿ ಹುಡುಗನಾಗಿದ್ದಾಗಲೇ ಗೋಲಿ, ಕಡ್ಡಿ, ರಬ್ಬರುಗಳಿಂದ ತನ್ನದೇ ಆದ ಬೇಸ್‌ಬಾಲ್ ಲೋಕವನ್ನು ಹೂಡಿದನು. ತಂಡಗಳಿಗೆ ಫೋರ್ಡ್, ಷೆವಿ, ಪ್ಲಿಮತ್ ಎಂದು ಮೋಟಾರುಗಾಡಿಗಳ ಹೆಸರು. ಮುಂದೆ ಅದನ್ನೇ ಚೀಟಿಗಳ ಆಟವನ್ನಾಗಿ ಮಾರ್ಪಡಿಸಿ, ದೊಡ್ಡವನಾದ ಮೇಲೂ ಬಿಡದೆ, ಆ ಇಲ್ಲದ ಆಟಗಾರರ ಅಂಕಿಅಂಶಗಳನ್ನೂ ವಾರ್ತೆಗಳನ್ನೂ ಬರೆಯುತ್ತಿದ್ದನು. ಆ ಕಾಗದಗಳು ಈಗ ನ್ಯೂಯಾರ್ಕಿನ ಸಾರ್ವಜನಿಕ ಪುಸ್ತಕಭಂಡಾರದಲ್ಲಿವೆ. ರಾಬರ್ಟ್ ಕೂವರನು ೧೯೬೮ರಲ್ಲಿ ಪ್ರಕಟಿಸಿದ ಕಾದಂಬರಿಯೊಂದರ ಕಥಾನಾಯಕನಾದ ಹೆನ್ರಿ ವಾ ಎಂಬ ಲೆಕ್ಕಿಗನು ದಾಳಗಳನ್ನುರುಳಿಸಿ ಇಂಥದೇ ಒಂದು ಲೋಕವನ್ನು ನಡೆಯಿಸುವನು; ಅವನ ಅತ್ಯಂತ ಪ್ರಿಯನಾದ ತರುಣ ಪಿಚರನು ದಾಳದ ಒಂದು ಉರುಳಿಕೆಯಿಂದ ಚೆಂಡಿನ ಪೆಟ್ಟು ಬಿದ್ದು ಸಾಯುವನು. ಲೆಕ್ಕಿಗನಿಗೆ ಆಮೇಲೆ ಉದ್ಯೋಗವೂ ರುಚಿಸದು, ಊಟವೂ ರುಚಿಸದು. ನಮಗೆ ಅಷ್ಟೊಂದು ಆಗಲಿಲ್ಲ.

ನಮ್ಮ ಪಟ್ಟಿಯಲ್ಲಿ ೬೨ ಮಂದಿ ಇದ್ದರು. ನಾಲ್ವತ್ತಕ್ಕೆ ಇಳಿಸುವುದು ಒಂದು ಸಾಯಂಕಾಲದ ಕೆಲಸವಾಯಿತು. ಮೂವತ್ತಕ್ಕೆ ಇಳಿಸಲು ಮೂರು ದಿನ ಬೇಕಾದವು. ಕೊನೆಗೆ ಒಂದು ಸ್ಥಾನ, ಇಬ್ಬರು ಕ್ಯಾಚರರು. ಒಬ್ಬನಿಗೆ ೩೬ ವರ್ಷ. ಮೊಣಕಾಲು ಸವೆದಿದೆ, ಹೊಡೆತ ಮಂದವಾಗಿದೆ, ಆದರೆ ಪಿಚರರೆಲ್ಲರಿಗೂ ಅವನೆಂದರೆ ಧೈರ್ಯ. ಸೇವೆ ಐದು ವರ್ಷಗಳನ್ನು ದಾಟಿರುವುದರಿಂದ ಅವನನ್ನು ಇಳಿಸುವಂತಿಲ್ಲ, ಬಿಡಬಹುದು ಮಾತ್ರ. ಇನ್ನೊಬ್ಬನಿಗೆ ೨೩; ಮೂರು ಆಪ್ಷನ್‌ಗಳೂ ಹಾಗೆಯೇ ಇವೆ; ಆರು ವಾರವೂ ಮುದುಕನಿಗಿಂತ ಚೆನ್ನಾಗಿ ಆಡಿದ್ದಾನೆ. “ಅಪ್ಪಾ, ಇದರಲ್ಲಿ ಯೋಚಿಸುವುದೇನಿದೆ? ಹುಡುಗನನ್ನು ಕೆಳಗೆ ಕಳುಹಿಸಿ, ಇಬ್ಬರೂ ಉಳಿಯುವರು, ಅವನಿಗೇನು, ಕಾಯಬಲ್ಲನು” ಎಂದನು ಮಗ.

ಆ ಮಾತನ್ನು ನಾವು ಹಿಂದೆ ಹೇಳಿದ್ದೆವು. ನಾವು ಉಪಾಧ್ಯಾಯರಾಗಿದ್ದ ಒಂದು ಪಾಠಶಾಲೆಯಲ್ಲಿ, ತೇರ್ಗಡೆಯ ಪ್ರಮಾಣ ಕುಗ್ಗಬಾರದೆಂದು, ಸಂದೇಹಾಸ್ಪದರಾದ ಹುಡುಗರನ್ನು ಸರಕಾರದ ಪರೀಕ್ಷೆಗೆ ಕಳುಹಿಸದೆ ನಿಲ್ಲಿಸಿಕೊಳ್ಳುವ ವಾಡಿಕೆಯಿತ್ತು. ಪಟ್ಟಿಯನ್ನು ಸಿದ್ಧಪಡಿಸುವ ಭಾರ ನಮ್ಮದು. ಒಂದು ವರ್ಷ ಕೊನೆಯ ಸ್ಥಾನಕ್ಕೆ ಇಬ್ಬರಿದ್ದರು. ಒಬ್ಬನು ಆಗಲೇ ಎರಡು ಸಲ ನಿಂತವನು; ಇನ್ನೊಮ್ಮೆ ನಿಲ್ಲಿಸಿದರೆ ಶಾಲೆಯನ್ನೇ ಬಿಡುವನು. ಮತ್ತೊಬ್ಬನು ಚಿಕ್ಕವನು, ಚುರುಕಾದವನು, ಗಣಿತದಲ್ಲಿ ಮಾತ್ರ ಸ್ವಲ್ಪ ಹಿಂದು. ಚಿಕ್ಕವನಿಗೇನು, ಮುಂದಿನ ವರ್ಷವಿದೆಯೆಂದು ಅವನ ಹೆಸರಿನ ಮೇಲೆ ಕೆಂಪುಗೆರೆ ಎಳೆದೆವು. ಮುಂದಿನ ವರ್ಷ ಅವನು ಬರಲಿಲ್ಲ. ಇನ್ನೊಂದು ವರ್ಷ ಓದಿಸುವ ಶಕ್ತಿ ಅವನ ತಂದೆಗಿದೆಯೋ ಇಲ್ಲವೋ ಎಂದು ನಾವು ಕೇಳಿರಲೇ ಇಲ್ಲ. ಹತ್ತು ವರ್ಷಗಳ ಮೇಲೆ ಬಸ್ಸಿನಲ್ಲಿ ಟಿಕೆಟು ಹರಿದುಕೊಡುತ್ತಿದ್ದ ಯುವಕನೊಬ್ಬನು ನಮಸ್ಕರಿಸಿ, ನಮಗೆ ಕಿಟಕಿಯ ಪಕ್ಕದಲ್ಲಿ ಜಾಗ ಮಾಡಿಸಿಕೊಟ್ಟನು. ಅವನ ಗುರುತು ಹತ್ತಲು ನಮಗೆ ಎರಡು ನಿಲ್ದಾಣಗಳು ಕಳೆಯಬೇಕಾಯಿತು.

ಎರಡು ದಿನ ಆ ಪಟ್ಟಿಯನ್ನು ಹಾಗೆಯೇ ಇಟ್ಟಿದ್ದು, ಮೂರನೆಯ ದಿನ ಮಗನು ನಿದ್ರಿಸುತ್ತಿರುವಾಗ ಹುಡುಗನನ್ನು ಮೇಲೆ ಉಳಿಸಿ ಮುದುಕನನ್ನು ಬಿಟ್ಟುಬಿಟ್ಟೆವು. ನಿಜವಾದ ಶಿಬಿರಗಳಲ್ಲಿ ಮ್ಯಾನೇಜರನು ಆಟಗಾರನನ್ನು ತನ್ನ ಕೊಠಡಿಗೆ ಕರೆದು ಇದನ್ನು ಬಾಯಾರೆ ಹೇಳಬೇಕು. ನಮಗೆ ಒಂದು ಗುಂಡಿಯನ್ನೊತ್ತಿದರೆ ಸಾಕಾಯಿತು. ಮಗನು ಎದ್ದು ನೋಡಿ ತಲೆ ಚಚ್ಚಿಕೊಂಡನು.

ಅವನ ಲೆಕ್ಕವೇ ಸರಿಯಾಗಿತ್ತು. ಹುಡುಗನು ಎರಡು ತಿಂಗಳು ಸೊಗಸಾಗಿ ಆಡಿ, ಆಟದೊಳಗಿನ ಜೂನ್ ತಿಂಗಳಲ್ಲಿ ಬೆರಳು ಮುರಿದುಕೊಂಡನು. ಅವನ ಜಾಗಕ್ಕೆ ಕುಳ್ಳಿರಿಸಲು ನಮ್ಮಲ್ಲಿ ಯೋಗ್ಯನಾದ ಕ್ಯಾಚರನಿರಲಿಲ್ಲ. ಮುದುಕನಿಗೆ ಬೇರೊಂದು ತಂಡದಲ್ಲಿ ಅನ್ನ ಸಿಕ್ಕಿತ್ತು. ಆ ತಂಡವು ನಮ್ಮೂರಿಗೆ ಬಂದ ದಿನ ಅವನು ಹೊಡೆದ ಚೆಂಡೊಂದು ಬೇಲಿಯಾಚೆ ಹೋಯಿತು. ಅಷ್ಟರಲ್ಲಿ ಮಗನ ಕಾಲಿನ ಕಟ್ಟು ಬಿಚ್ಚಿತ್ತು, ಅವನು ಕಾಲೇಜಿಗೆ ಹೋಗತೊಡಗಿದ್ದನು. ನಮ್ಮ ತಂಡವು ತನ್ನ ವಿಭಾಗದ ಐದು ತಂಡಗಳಲ್ಲಿ ನಾಲ್ಕನೆಯದಾಗಿ ಮುಗಿಯಿತು.