‘ಮಂತ್ರಿ’ಯಿಂದ ‘ಮ್ಯಾಂಡರಿನ್’: ಒಂದು ಪದದ ಸಂಚಾರ

‘ಮ್ಯಾಂಡರಿನ್’ ಚೀನೀ ಪದವೆಂಬ ಗ್ರಹಿಕೆ ವ್ಯಾಪಕವಾಗಿದೆ. ಆದರೆ ಚೀನೀಯರು ತಮ್ಮ ರಾಜಾಧಿಕಾರಿಯನ್ನು ಕರೆದದ್ದು ‘ಗ್ವಾನ್’ ಎಂದು. ಆ ಅಧಿಕಾರಿವರ್ಗದ ನುಡಿಯನ್ನು ‘ಗ್ವಾನ್‌ಹ್ವಾ’ ಎಂದು. ‘ಮ್ಯಾಂಡರಿನ್’ನ ಮೂಲ ಸಂಸ್ಕೃತದ ‘ಮಂತ್ರಿನ್’. ಅಂದರೆ ಕನ್ನಡಕ್ಕೆ ತತ್ಸಮವಾಗಿ ಬಂದಿರುವ ‘ಮಂತ್ರಿ’.

‘ಅಮಾತ್ಯ’ ಪದದ ಮೂಲಾರ್ಥ ಮನೆಯವನು, ‘ಸಚಿವ’ ಪದದ ಮೂಲಾರ್ಥ ಒಡನಾಡಿ. ಇವೆರಡೂ ಅರಸನೊಂದಿಗಿನ ಸಾಮೀಪ್ಯವನ್ನು ಸೂಚಿಸಿದರೆ, ‘ಮನ್’ (ಚಿಂತಿಸು) ಧಾತುವಿನಿಂದ ಬಂದ ‘ಮಂತ್ರಿ’ ಮಾತ್ರ ಆತ ಮಾಡುವ ಕೆಲಸವನ್ನು ಹೇಳುತ್ತದೆ. ‘ಮಂತ್ರಾಲೋಚನೆ’ಯಲ್ಲಿ ಆ ಅರ್ಥ ಇಂದಿಗೂ ಉಳಿದಿದೆ, ‘ಮಂತ್ರಿಸಿದ ದಾರ’ದಲ್ಲಿ ಅದೇ ಧಾತು ಬೇರೆ ದಾರಿ ಹಿಡಿದಿದೆ.

ಈ ಪದ ಮಲಯ ಭಾಷೆಯಲ್ಲಿ ‘ಮೆಂತೆರಿ’ಯಾಯಿತು. ಮಲೇಷ್ಯಾದ ಪ್ರಧಾನಿ ಇಂದಿಗೂ ‘ಪೆರ್ದಾನ ಮೆಂತೆರಿ’. 1511ರಲ್ಲಿ ಮಲಾಕ್ಕಾವನ್ನು ವಶಪಡಿಸಿಕೊಂಡ ಪೋರ್ಚುಗೀಸರು ಅಲ್ಲಿಯ ಪದವನ್ನೇ ಚೀನೀ ಅಧಿಕಾರಿಗಳಿಗೂ ಅನ್ವಯಿಸಿ ‘ಮಂದರಿಂ’ ಎಂದರು. ಅವರ ನುಡಿಯಲ್ಲಿ ‘ಮಂದಾರ್’ ಎಂದರೆ ಆಜ್ಞಾಪಿಸು. ಈ ಸಾಮ್ಯದಿಂದಾಗಿ ಪದದ ರೂಪ ಬದಲಾಯಿತು. ‘ಮಂದಾರ್’ ಅನ್ನೇ ಮೂಲವೆಂದು ಭಾವಿಸುವುದು ಮಾತ್ರ ಜನಪದ ನಿರುಕ್ತಿ. ಆಲೋಚನೆ ಹೇಳುವವನು ಹೀಗೆ ಅಪ್ಪಣೆ ಕೊಡುವವನಾದನು.

ಇಲ್ಲಿ ಕನ್ನಡ ಸಂಶೋಧಕರು ಎಚ್ಚರ ವಹಿಸಬೇಕಾದ ಒಂದು ಅಂಶವಿದೆ. ಬಾದಾಮಿ, ಗುಡೂರು, ಹುನಗುಂದಗಳ ಸೀಮೆಗೆ ಸೇರಿದ ಐಹೊಳೆ ‘ಅಯ್ಯಾವೊಳೆ ಐನೂರ್ವರು’ ಎಂಬ ವಣಿಕ ಸಂಘದ ಮೂಲನೆಲೆ. ಸುಮಾತ್ರಾದ ಬಾರೂಸ್ ಬಳಿ ದೊರೆತ 1088ರ ತಮಿಳು ಶಾಸನ ಐನೂರ್ವರನ್ನು ಹೆಸರಿಸುತ್ತದೆ. ಹಾಗಾದರೆ ‘ಮಂತ್ರಿ’ಯನ್ನು ಕಡಲಾಚೆಗೆ ಒಯ್ದವರು ಐಹೊಳೆಯ ವರ್ತಕರೇ ಎಂಬ ಊಹೆ ಆಕರ್ಷಕವಾದುದು, ಅಭಿಮಾನಕ್ಕೂ ಒಪ್ಪುವಂಥದು. ಆದರೆ ಅದಕ್ಕೂ ನಾಲ್ಕು ಶತಮಾನ ಮೊದಲೇ, 683ರ ಕೆದುಕಾನ್ ಬುಕಿತ್ ಶಾಸನದ ಪ್ರಾಚೀನ ಮಲಯದಲ್ಲಿ ಸಂಸ್ಕೃತ ಪದಗಳು ನೆಲೆಯೂರಿವೆ. ಬಾರೂಸ್ ಶಾಸನ ಐನೂರ್ವರ ಸಂಚಾರಕ್ಕೆ ಸಾಕ್ಷಿ, ಪದದ ಸಂಚಾರಕ್ಕಲ್ಲ.

ಇಂಗ್ಲಿಷಿನಲ್ಲಿ ಈ ಪದ ಅಧಿಕಾರಿಯಿಂದ ಆತನ ನುಡಿಗೂ, ಮುಂದೆ ಪ್ರಭಾವಿ ನೌಕರಶಾಹಿಗೂ ವಿಸ್ತರಿಸಿತು. ಹಣ್ಣಿಗೆ ಈ ಹೆಸರು ಬಂದದ್ದು ಚೀನೀ ಅಧಿಕಾರಿಗಳ ನಿಲುವಂಗಿಯ ಬಣ್ಣದಿಂದ ಎಂಬ ವಿವರಣೆ ಪ್ರಚಲಿತವಾಗಿದ್ದರೂ ಅದು ಊಹೆಯ ಮಟ್ಟದಲ್ಲಿಯೇ ಇದೆ. ತೋಟಗಾರಿಕಾ ಬರಹಗಳು ಕೊಡಗಿನ ಕಿತ್ತಳೆಯನ್ನು ‘ಕೂರ್ಗ್ ಮ್ಯಾಂಡರಿನ್’ ಎನ್ನುತ್ತವೆ. ಕನ್ನಡದಲ್ಲಿಯೇ ಇದ್ದ ‘ಮಂತ್ರಿ’ ಹೀಗೆ ಇಂಗ್ಲಿಷಿನ ಮೂಲಕ, ಗುರುತು ಸಿಗದ ವೇಷದಲ್ಲಿ, ಕನ್ನಡ ನಾಡಿನ ಹಣ್ಣಿನ ಮೇಲೆ ಬಂದು ಕುಳಿತಿದೆ.